ಜಬ್ಬಾರ್ ಸರ್ ಕುಡಿದವರಲ್ಲ

ಇಲ್ಲ... ನಂಬಲು ಆಗುತ್ತಿಲ್ಲ.
ಬೆಳಿಗ್ಗೆ ಅವರ ಮಗಳು ಫೋನ್ ಮಾಡಿ, "ಅಂಕಲ್, ಅಬ್ಬಾ ಹೋಗ್ಬುಟ್ರು" ಎಂದಳು.
"ಯಾವೂರಿಗಮ್ಮಾ?" ಎಂದು ಕೇಳಿಬಿಟ್ಟೆ...

ತಿಪಟೂರಿನಲ್ಲಿ ಪುಟ್ಟ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದ ನಮ್ಮ ಜಬ್ಬಾರ್ ಸರ್ ಇನ್ನಿಲ್ಲ.

ಸುದ್ದಿ ಹಾಕಿ ಅರ್ಧ ಗಂಟೆಯಾಗಿಲ್ಲ, ಕೆಳಗೆ ಒಬ್ಬರ ಕಾಮೆಂಟ್...
"ಒಳ್ಳೆ ಕೋಚ್, ಪಾಪ, ಕುಡಿತ ತಿಂದುಹಾಕಿತು."
ಥೂ!
ಅಳುತ್ತಾ ಕೂತಿದ್ದವನು ಕಣ್ಣೊರೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಓದಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ನಾನು ಸ್ಕೂಲಿನ ಪಿ.ಟಿ. ಮೇಷ್ಟ್ರು. ಅವರು ಹಗಲು ಟೈಲರ್, ಸಂಜೆ ಕೋಚ್.
ಖಾಲಿ ಬಿದ್ದಿದ್ದ ಒಂದು ಕೊಬ್ಬರಿ ಗೋಡೌನು. ನೆಲಕ್ಕೆ ತೆಂಗಿನ ನಾರು ತುಂಬಿ ಅವರೇ ಹೊಲಿದ ದಪ್ಪ ಹಾಸಿಗೆ.
ಮೂರು ವರ್ಷ, ನಾಲ್ಕು ವರ್ಷದ ಮಕ್ಕಳು. ಚಡ್ಡಿ ಜಾರುತ್ತಿರುತ್ತದೆ, ಮೂಗು ಸೋರುತ್ತಿರುತ್ತದೆ... ಅಂಥವರಿಂದ ಲಾಗ ಹಾಕಿಸಬೇಕು!
"ಗಲ್ಲ ಎದೆಗೆ ಒತ್ಕೊ ಕಣಪ್ಪ... ಬೆನ್ನು ಗುಂಡಗ್ ಮಾಡು... ಹೆದರ್ಬ್ಯಾಡ ಬುಡು, ನಾನಿಲ್ವಾ!"
ಮಗುವಿನ ಸೊಂಟದ ಕೆಳಗೆ ಅವರ ಕೈ ಇದ್ದೇ ಇರುತ್ತಿತ್ತು.
ನೊಣವಿನಕೆರೆಯಿಂದ ಬಸ್ಸು ಹತ್ತಿ ಬರುತ್ತಿದ್ದ ತಾಯಂದಿರು ಆ ಕೈಯನ್ನು ನಂಬಿಯೇ ಬರುತ್ತಿದ್ದರು.

ಹದಿನೈದು ವರ್ಷದ ಹಿಂದೆ ಆ ಕೈ ನಡುಗಲು ಶುರುವಾಯಿತು...
ಮೊದಲು ಸೂಜಿಗೆ ದಾರ ಹೋಗಲಿಲ್ಲ. ತುಮಕೂರಿನ ಡಾಕ್ಟರು, ನರದ ಕಾಯಿಲೆ, ಹೆಚ್ಚುತ್ತಾ ಹೋಗುತ್ತದೆ ಎಂದರು.
ಒಂದು ಸಂಜೆ ಪುಟ್ಟ ಹುಡುಗಿಯೊಬ್ಬಳು ಅವರ ಕೈಯಿಂದ ಜಾರಿದಳು. ಏನೂ ಆಗಲಿಲ್ಲ. ಬಿದ್ದವಳು ಕಿಲಕಿಲ ನಕ್ಕಳು.
ಸರ್ ಹೊರಗೆ ಹೋಗಿ ವಾಂತಿ ಮಾಡಿಕೊಂಡರು.

ಮಾರನೆಯ ದಿನವೇ, "ವಯಸ್ಸಾಯ್ತು, ನಂಗಾಗಾಕಿಲ್ಲ, ಕ್ಲಾಸ್ ನಿಲ್ಲಿಸ್ತೀನಿ" ಎಂದರು.
ಯಾರು ಕೇಳಿದರು?
"ನೀವ್ ಸುಮ್ಕೆ ನಿಂತ್ಕೊಂಡ್ರೂ ಸಾಕು ಕಣ್ರೀ ಸಾಬ್ರೇ" ಎಂದು ಅಪ್ಪ ಅಮ್ಮಂದಿರು ಮಕ್ಕಳನ್ನು ಒಳಗೆ ಬಿಟ್ಟು ಪೇಟೆಗೆ ಹೊರಟುಬಿಡುತ್ತಿದ್ದರು.
"ಸರ್, ಲಾಗ..." ಎಂದು ಮಗು ಕಾಲು ತಬ್ಬಿಕೊಂಡರೆ, ಇಲ್ಲ ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ.

ಆಗಲೇ, ಟೀ ಅಂಗಡಿಯಲ್ಲಿ ಅವರ ಕೈಯಲ್ಲಿದ್ದ ಗ್ಲಾಸು ತುಳುಕಿದ್ದನ್ನು ನೋಡಿ ಯಾರೋ ಅಂದರು... "ಬೆಳಿಗ್ಗೇನೇ ಹಾಕವ್ನೆ ಕಣ್ಲಾ."
ಸರ್ ಅಲ್ಲಗಳೆಯಲಿಲ್ಲ. ನಕ್ಕು ಎದ್ದು ಬಂದರು.
ಮಾತು ಊರೆಲ್ಲ ಸುತ್ತಿತು. ಕೆಲವೇ ದಿನಗಳಲ್ಲಿ ಗೋಡೌನಿಗೆ ಒಂದು ಮಗುವೂ ಬಾರದಂತಾಯಿತು.

ಸರ್... ನಿಮ್ಮ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.
ಒಂದು ಹನಿ ಮುಟ್ಟದ ಮನುಷ್ಯ ನೀವು. ಮಸೀದಿಯಲ್ಲಿ ಪಕ್ಕದವರು ನಿಮ್ಮಿಂದ ಸರಿದು ನಿಲ್ಲುತ್ತಿದ್ದರು. ಮಗಳಿಗೆ ಕುದುರಿದ್ದ ಸಂಬಂಧ ಮುರಿದುಹೋಯಿತು.
"ಕಾಯಿಲೆ ಅಂತ ಹೇಳ್ಬುಡಿ ಸರ್, ನಿಮ್ ದಮ್ಮಯ್ಯ" ಎಂದು ನಾನು ಜಗಳವಾಡಿದೆ.
ನೀವು ಹೇಳಿದ್ದೇನು?
"ಕಾಯಿಲೆ ಅಂದ್ರೆ, ಅಯ್ಯೋ ಪಾಪ ಅಂದ್ಕೊಂಡು ಮತ್ತೆ ಕಳಿಸ್ತಾರೆ ಶಿವಣ್ಣ. ಕುಡುಕನ್ ಕೈಗೆ ಯಾರೂ ಮಗು ಕೊಡಾಕಿಲ್ಲ. ನಾನ್ ಸಾಯೋಗಂಟ ನೀನ್ ಬಾಯ್ ಬಿಡ್ಬ್ಯಾಡ."

ಬಿಡಲಿಲ್ಲ ಸರ್... ಇವತ್ತು ಬಿಟ್ಟೆ.

ಗೆಳೆಯರೇ, ಈಗಷ್ಟೇ ಅವರ ಮನೆಗೆ ಹೋಗಿ ಬಂದೆ.
ಅಂಗಳದಲ್ಲಿ ಹಾಕಿದ ಕುರ್ಚಿಗಳು ಖಾಲಿ... ಹೊರಲು ಜನ ಸಾಲುತ್ತಿಲ್ಲ.
ಸಂಜೆ ಅಸರ್ ನಮಾಜ್ ಆದ ಮೇಲೆ ಮಣ್ಣು ಮಾಡುತ್ತಾರೆ.
ಅವತ್ತಿನ ನಿಮ್ಮ ಮಕ್ಕಳು ಈಗ ಕಾಲೇಜಿನಲ್ಲಿದ್ದಾರಲ್ಲ... ಅವರ ಕೈಕಾಲೆಲ್ಲ ನೆಟ್ಟಗಿದೆ.
ಹೆಗಲು ಕೊಡಲು ಕಳಿಸಿ.

ಹೋಗಿ ಬನ್ನಿ ಸರ್... ಇಲ್ಲಿ ಸಿಗದ ನೆಮ್ಮದಿ ನಿಮ್ಮ ಆತ್ಮಕ್ಕೆ ಅಲ್ಲಾದರೂ ಸಿಗಲಿ.