ಈರಜ್ಜನ ಕೊನೆಯ ಪೆಟ್ಟಿಗಾಗಿ ಕಾಯುತ್ತಿದ್ದ ಬ್ಯಾಂಡ್

ಬೆಳಿಗ್ಗೆ ನನ್ನವಳ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೇನೆ. ಅವಳು ಹೋದ ಮೇಲೆ ಈ ಡಿಪಾರ್ಟ್‌ಮೆಂಟ್ ನನ್ನದೇ. ಆ ಹುಳಿವಾಸನೆಗೆ ಚನ್ನಗಿರಿಯ ನಮ್ಮ ಪಡಸಾಲೆ ನೆನಪಾಯಿತು. ಯಾರದಾದರೂ ಮದುವೆಗೆ ಊದಲು ಹೋಗುವ ಹಿಂದಿನ ದಿನ ಅಪ್ಪ ತನ್ನ ಟ್ರಂಪೆಟ್ಟನ್ನು ಹೀಗೇ ಉಜ್ಜುತ್ತಿದ್ದ.

ಅಪ್ಪನ ಬ್ಯಾಂಡ್ ಸೆಟ್ಟಿಗೆ ಹೊನ್ನಾಳಿ, ಜಗಳೂರಿನಿಂದೆಲ್ಲ ಕರೆ ಬರುತ್ತಿತ್ತು. ಅದನ್ನು ಕಟ್ಟಿದವನು ದೊಡ್ಡ ಡ್ರಮ್ಮಿನ ಈರಜ್ಜ. ವಯಸ್ಸಾಗಿ ಅವನ ಕೈ ನಿಧಾನವಾಗಿತ್ತು. ಹಾಡಿನ ಕೊನೆಯ ಪೆಟ್ಟು ಅವನದು. ಅಪ್ಪ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ ಅದಕ್ಕೆ ಕಾಯುತ್ತಿದ್ದ. ಜನ ಅದನ್ನೇ ಸ್ಟೈಲ್ ಅಂದುಕೊಂಡರು. ನ್ಯಾಮತಿಯ ಬ್ಯಾಂಡಿನವರಂತೂ ಗಟ್ಟಿಮುಟ್ಟಾದ ಹುಡುಗನ ಕೈಲಿ ಡ್ರಮ್ ಕೊಟ್ಟು ಹಾಗೇ ಕಾಯತೊಡಗಿದರು.

ಕ್ಲಾರಿನೆಟ್ ಊದುತ್ತಿದ್ದ ಅಮ್ಮನ ತಮ್ಮ ಬಸಣ್ಣ ಮಾವನಿಗೆ ಮಾತ್ರ ತಾಳ್ಮೆ ತಪ್ಪಿತು.

"ಭಾವ, ಅಜ್ಜನ್ನ ಮನೇಲಿ ಕೂರಿಸ್ರಿ. ಈಗಿನ ಹಾಡು ಓಡ್ತಾವೆ, ಅಜ್ಜ ತೆವಳ್ತಾನೆ."

"ಅಜ್ಜ ಇಲ್ದಿದ್ರೆ ನೀನಿನ್ನೂ ಪೀಪಿ ಊದ್ಕೊಂಡು ತಿರುಗ್ತಿದ್ದೆ ಕಣಲೇ," ಅಂದ ಅಪ್ಪ.

ಮಾವ ಉಳಿದವರನ್ನೆಲ್ಲ ಕರೆದುಕೊಂಡು ದಾವಣಗೆರೆಯ ಆರ್ಕೆಸ್ಟ್ರಾ ಸೇರಿದ. ಪಾರ್ಟಿಂಗ್ ಆಫ್ ದಿ ವೇಸ್, ದಾರಿ ಬೇರೆಯಾಗುವುದು ಅಂತೇನೋ ಕಾಲೇಜಿನಲ್ಲಿ ಓದಿದ್ದೆ, ಅದೇ. ಆದರೆ ತ್ಯಾವಣಿಗೆಯ ಮದುವೆಯೊಂದನ್ನು ಮೊದಲೇ ಒಪ್ಪಿಕೊಂಡಾಗಿತ್ತು. ಅಪ್ಪ, ಅಜ್ಜ ಇಬ್ಬರೇ ಮೆರವಣಿಗೆಯ ಮುಂದೆ ನಡೆದರು.

"ಬ್ಯಾಂಡ್ ಯಾವಾಗ್ ಬರ್ತೈತ್ರಿ?" ಎಂದು ಗಂಡಿನ ಕಡೆಯವನೊಬ್ಬ ಕೊಂಕು ತೆಗೆದ.

ಅಪ್ಪ ಹಾಡು ಮುಗಿಸಿ ಕೈಯೆತ್ತಿದ. ಬೀದಿಯೆಲ್ಲ ಸುಮ್ಮನಾಯಿತು. ಆಮೇಲೆ ಅಜ್ಜನ ಪೆಟ್ಟು ಬಿತ್ತು.

"ಇನ್ನೊಂದು ಬಾರಿಸಜ್ಜಾ," ಅಂದವನು ಅದೇ ಕೊಂಕಿನವನು.

ಅದೇ ಅವರ ಕೊನೆಯ ಮದುವೆ.

ಈಗ ನನ್ನ ಕೈಯೂ ನಿಧಾನ. ಮೊಮ್ಮಗಳು ದೀಪ ಹಚ್ಚಲು ಬೆಂಕಿಪೊಟ್ಟಣ ಹಿಡಿದು ನಿಂತಿದ್ದಾಳೆ. "ನೀನು ಉಜ್ಜಜ್ಜ, ನಾನು ಕಾಯ್ತೀನಿ," ಅನ್ನುತ್ತಾಳೆ. ನಮ್ಮಪ್ಪನ ಮರಿಮಗಳಲ್ಲವೇ.