ಬೆರಳಿಗೆ ತಿಳಿದಿದ್ದ ಉಬ್ಬು

ಬ್ಲೇಡು ಕೈಗೆತ್ತಿಕೊಳ್ಳುವ ಮೊದಲು ರಮಾಬಾಯಿ ಕಣ್ಣು ಮುಚ್ಚಿ, ಗುರುರಾಯರನ್ನು ನೆನೆದು, ಉಂಗುರದ ಬೆರಳಿನಿಂದ ಗಾಜನ್ನು ಸುತ್ತಲೂ ಒಮ್ಮೆ ಸವರುತ್ತಿದ್ದರು. ಅಂಬತ್ತೂರಿನ ಆ ಗಾಜಿನ ಕೆಲಸದ ಶೆಡ್ಡಿಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ಇದು ತಪ್ಪಿರಲಿಲ್ಲ. "ಕಣ್ಣು ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ" ಎಂದು ಕಲಿಸಿದವರು ಗಂಡ ವಿಶ್ವನಾಥ. ಗಾಜಿಗೆ ಅಂಟಿಸಿದ ಹಾಳೆಯಲ್ಲಿ ಹೂಬಳ್ಳಿ ಕೊರೆಯುವುದು ರಮಾಬಾಯಿಯ ಕೆಲಸ. ಕೊರೆದ ಜಾಗಕ್ಕೆ ಮರಳು ಹೊಡೆದು ಹೂವು ಮೂಡಿಸುವುದು ವಿಶ್ವನಾಥರದು. ಆ ಧೂಳೇ ಎದೆಯಲ್ಲಿ ಕೂತು, ಎರಡು ತಿಂಗಳಿಂದ ಅವರು ಕೀಲ್ಪಾಕಿನ ಆಸ್ಪತ್ರೆಯಲ್ಲಿ ಮಲಗಿದ್ದರು.

ಅವರು ಒಪ್ಪಿಕೊಂಡಿದ್ದ ಒಂದೇ ಕೆಲಸ ಬಾಕಿ ಇತ್ತು. ತ್ರಿಪ್ಲಿಕೇನಿನ ಗೋದಾಬಾಯಿಯ ದೇವರ ದೀಪಕ್ಕೆ ಮುಚ್ಚುವ, ಗಂಟೆಯಾಕಾರದ ಗಾಜು. ಆಕೆಯ ಅತ್ತೆಯ ಕಾಲದ್ದು; ಅಂಥದ್ದು ಈಗ ಎಲ್ಲೂ ಸಿಗದು. ಅದರ ಮೇಲೆ ಪಾರಿಜಾತ ಮೂಡಬೇಕಿತ್ತು.

"ಸ್ಟಿಕ್ಕರ್ ಹಾಳೆ ಬೇಡ ಕಣೆ, ಗಾಜಿನ ಬಾಗಿದ ಕತ್ತಿನಲ್ಲಿ ಸುಕ್ಕಾಗುತ್ತೆ. ರಬ್ಬರ್ ಹಾಲೇ ಹಚ್ಚು, ಮೂರು ಸಲ. ಒಣಗಿದ ಮೇಲೆ ಅದರಲ್ಲೇ ಕೊರಿ" ಎಂದು ವಿಶ್ವನಾಥ ಆಕ್ಸಿಜನ್ ಮಾಸ್ಕ್ ಸರಿಸಿ ಹೇಳಿದ್ದರು. "ಆದಮೇಲೆ ತಂದು ತೋರಿಸು."

ರಬ್ಬರ್ ಹಾಲು ಹಚ್ಚಿದರೆ, ಅದು ಇಳಿಯದ ಹಾಗೆ ಗಾಜನ್ನು ತಿರುಗಿಸುತ್ತಲೇ ಇರಬೇಕು. ಬೆಳಿಗ್ಗೆ ಕೂತರೆ ಏಳುವುದು ಕತ್ತಲಾದ ಮೇಲೆ. ಆಸ್ಪತ್ರೆಯಲ್ಲಿ ನೋಡಲು ಬಿಡುವುದು ನಾಲ್ಕರಿಂದ ಐದು. ಇನ್ನೊಂದು ವಾರ ಎಂದರೆ ಹೆಚ್ಚು ಅಂದಿದ್ದರು ಡಾಕ್ಟರು. ಅದರಲ್ಲಿ ಒಂದು ಸಂಜೆಯನ್ನು ಗಾಜಿಗೆ ಕೊಡಲು ರಮಾಬಾಯಿಗೆ ಮನಸ್ಸಾಗಲಿಲ್ಲ. ಸ್ಟಿಕ್ಕರ್ ಹಾಳೆಯನ್ನೇ ತೆಗೆದುಕೊಂಡರು.

ಬಿಸಿಗಾಳಿ ಹಿಡಿದು, ಎಳೆದು, ಅಂಟಿಸಿ, ಪಾರಿಜಾತ ಕೊರೆದರು. ಮುಗಿಸಿ ಬೆರಳಾಡಿಸಿದಾಗ ಕತ್ತಿನ ಬಳಿ ಒಂದು ಎಸಳಿನ ಅಂಚು ಎಳ್ಳಿನಷ್ಟು ಉಬ್ಬಿತ್ತು. ಗಂಟೆ ಎರಡೂಮುಕ್ಕಾಲು. ಹೆಬ್ಬೆರಳಿನಿಂದ ಒತ್ತಿ, "ರಾಯರೇ, ನೀವೇ ನೋಡಿಕೊಳ್ಳಿ" ಎಂದು ಈಗ ಮರಳು ಹೊಡೆಯುತ್ತಿದ್ದ ಹುಡುಗನಿಗೆ ಕೊಟ್ಟು ಬಸ್ಸು ಹಿಡಿದರು.

ಮರುದಿನ ಹಾಳೆ ಸುಲಿದರೆ, ಉಬ್ಬಿದ್ದಲ್ಲಿ ಮರಳು ನುಗ್ಗಿ, ಬೂದಿ ಬಳಿದಂತೆ ಹೆಬ್ಬೆರಳಗಲ ಗಾಜು ಮಸುಕಾಗಿತ್ತು.

ಶೆಡ್ಡಿನ ಮಾಲೀಕ ಮುರಳೀಧರ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಅಯ್ಯೋ, ಅಳಬೇಡಿ ಮಾಮಿ. ಪೂರಾ ಕತ್ತಿಗೇ ಮರಳು ಹೊಡೆಸಿಬಿಡೋಣ, ಮಂಜು ಥರ ಡಿಸೈನ್ ಆಗೋಗುತ್ತೆ. ಆ ತ್ರಿಪ್ಲಿಕೇನ್ ಅಜ್ಜಿಗೆ ದೀಪ ಕಂಡರೇ ಹೆಚ್ಚು!"

"ನಮ್ಮನೆಯವರಿಗೆ?"

"ಸಾರ್‌ಗೆ ನಾನು ಹೇಳ್ತೀನಿ. ಹಾಳೆ ಕಳಪೆ, ಲೋಕಲ್ ಮಾಲು, ನಾನೇ ಅದನ್ನ ಹಾಕಿ ಅಂದೆ ಅಂತ. ಬೈಗುಳ ನನಗಿರಲಿ. ಈ ಸ್ಥಿತೀಲಿ ನಿಮ್ಮ ಮೇಲೆ ಅವರಿಗೆ ಬೇಜಾರು ಬೇಡ."

ರಮಾಬಾಯಿ ಗಾಜನ್ನು ಇಸಿದುಕೊಂಡು ಮಸುಕಿನ ಮೇಲೆ ಉಂಗುರದ ಬೆರಳನ್ನು ಆಡಿಸಿದರು. ಒರಟಾಗಿತ್ತು.

"ಬೇಡ ಸಾರ್. ಹಾಳೇದೇನೂ ತಪ್ಪಿಲ್ಲ. ಉಬ್ಬಿದ್ದು ನಿನ್ನೆಯೇ ನನ್ನ ಬೆರಳಿಗೆ ಗೊತ್ತಿತ್ತು" ಎಂದು, ಗಂಡನಿಗೆ ತೋರಿಸಲು ಆಸ್ಪತ್ರೆಗೆ ಒಯ್ಯಲೆಂದು ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತತೊಡಗಿದರು.