ಸಪ್ನಾಳ ರವಿವಾರದ ದಂಡು

ನಮ್ಮ ಓಣಿಯಲ್ಲಿ ಸಪ್ನಾಳ ಮಾತು ಬಂದರೆ ಜನ ಮೊದಲು ನಗುತ್ತಿದ್ದರು. ಮೂವತ್ತು ದಾಟಿದ ಹೆಂಗಸು, ಕುರಿ ಸಾಕುವವರ ಮನೆಯ ಸೊಸೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನೊಳಗಿನ ರಾಕ್ಷಸರ ಸಂಗಡ ಲಡಾಯಿಗೆ ಕೂಡುತ್ತಾಳೆ ಅಂದರೆ ಅವರಿಗೆ ನಗು. ಹಾಗೆ ನಗುವ ಹೆಂಗಸರ ಪೈಕಿ ಅರ್ಧ ಮಂದಿಯ ಗಂಡಂದಿರು ರವಿವಾರ ಹೊತ್ತು ಮುಳುಗುವವರೆಗೆ ಇಸ್ಪೀಟು ಆಡುತ್ತಾರೆ. ಅದಕ್ಕೆ ಯಾರೂ ನಗುವುದಿಲ್ಲ. ಹುಮನಾಬಾದಿನಲ್ಲಿ ವರ್ಷಗಟ್ಟಲೆ ಅಂಗನವಾಡಿ ನಡೆಸಿ ರಿಟೈರಾದವಳು ನಾನು. ಯಾರು ಆಡಿದರೆ ಆಟ, ಯಾರು ಆಡಿದರೆ ಚಟ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಪ್ನಾಳ ತವರು ದುಬಲಗುಂಡಿ. ಅಪ್ಪ ಅಮೋಘಸಿದ್ದಪ್ಪನ ಕುರಿಹಿಂಡಿನ ಹಿಂದೆ ನಡೆದು ಬೆಳೆದವಳು. ಪಿಯುಸಿ ಮುಗಿಸಿದ ವರ್ಷವೇ ನಮ್ಮ ಎದುರು ಮನೆಗೆ ಸೊಸೆಯಾಗಿ ಬಂದಳು. ಗಂಡ ಕಲ್ಲಿನಾಥ ಒಳ್ಳೆಯವನು, ಆದರೆ ಸುಗ್ಗಿಯ ರಾಶಿ ಮುಗಿದ ಮೇಲೆ ಮನೆಯಲ್ಲಿ ಸಿಗುವುದಿಲ್ಲ. ಹಿಂಡು ಹೊಡೆದುಕೊಂಡು ಊರೂರಿನ ಹೊಲಗಳಲ್ಲಿ ಬೀಡುಬಿಡುತ್ತಾನೆ. ಮೈದುನ ಗೋವರ್ಧನ ಮನೆಯ ಮುಂದಿನ ಕೋಣೆಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದಾನೆ. ಜಾತಿ ಪ್ರಮಾಣಪತ್ರ, ಪಹಣಿ, ಪರೀಕ್ಷೆಯ ಅರ್ಜಿ, ಎಲ್ಲ ಅಲ್ಲೇ. ಬೋರ್ಡಿನ ಮೇಲಿನ ಹೆಸರು ಅವನದು, ಕೀಬೋರ್ಡಿನ ಮೇಲಿನ ಬೆರಳು ಇವಳದು. ಕೇಳಿದರೆ ಅತ್ತೆ ಚಂದಮ್ಮ, "ನಮ್ಮ ಸೊಸಿ ಜರಾ ಕೈ ಹಚ್ಚತಾಳ್ರಿ" ಅನ್ನುತ್ತಾಳೆ. ವಾರದ ಆರು ದಿನ ಬೆಳಗಿನಿಂದ ಸಂಜೆಯವರೆಗೆ ಜರಾ ಕೈ ಹಚ್ಚುವುದು.

ಆಟದ ಹುಚ್ಚು ಮೊದಲಿದ್ದದ್ದು ಗೋವರ್ಧನನಿಗೆ. ಇಪ್ಪತ್ತು ಮಂದಿ ತಂತಮ್ಮ ಊರಲ್ಲೇ ಕುಳಿತು, ಕಂಪ್ಯೂಟರಿನಲ್ಲಿ ಒಂದುಗೂಡಿ, ಒಂದು ಕೋಟೆಗೆ ನುಗ್ಗಿ ಒಳಗಿನ ರಾಕ್ಷಸನನ್ನು ಕೆಡವಬೇಕು. ಇದಕ್ಕೆ ರೇಡ್ ಅನ್ನುತ್ತಾರೆ. ಕೆಲವರು ಢಾಲು, ಅಂದರೆ ಗುರಾಣಿ, ಹಿಡಿದು ಎದುರು ನಿಲ್ಲುತ್ತಾರೆ, ಕೆಲವರು ಕತ್ತಿ ಬೀಸುತ್ತಾರೆ. ಪೆಟ್ಟು ತಿಂದವರಿಗೆ ಹಿಂದಿನಿಂದ ಮಂತ್ರ ಹಾಕಿ ಜೀವ ತುಂಬುವವರು ಬೇಕು. ಅವರೇ ಹೀಲರ್. ಆ ಕೆಲಸ ಯಾರಿಗೂ ಬೇಡ. ಕಡಿಯುವ ಸುಖ ಅದರಲ್ಲಿ ಇಲ್ಲ. ಗೆದ್ದರೆ ಹೆಸರು ಕತ್ತಿಯವನಿಗೆ, ಒಬ್ಬ ಸತ್ತರೂ ಬೈಗುಳ ಹೀಲರಿಗೆ. ಇಂಥದೊಂದು ಕೆಲಸ ಖಾಲಿ ಇದೆ ಅಂದಕೂಡಲೆ ಗೋವರ್ಧನನಿಗೆ ಅತ್ತಿಗೆಯ ನೆನಪಾಯಿತು. ಮತ್ತೆ ಯಾರ ನೆನಪಾಗಬೇಕು?

"ವೈನಿ, ರವಿವಾರ ದುಕಾನ್ ಬಂದ್ ಇರ್ತದಲ್ಲ, ಜರಾ ಕೂಡ್ರಿ. ನಾ ಹೊಡೀತೀನಿ, ನೀವು ನನ್ನ ನೋಡ್ಕೊಂಡ್ರ ಸಾಕು" ಅಂದನಂತೆ.

ಖಾತೆ ತೆರೆದವನೂ ಅವನೇ, ಅದಕ್ಕೆ 'ದವಾ', ಅಂದರೆ ಔಷಧಿ, ಎಂದು ಹೆಸರಿಟ್ಟವನೂ ಅವನೇ. ಫೋನ್ ನಂಬರ್ ಕೇಳಿದಾಗ ತನ್ನದನ್ನೇ ಹಾಕಿದ. ಸಪ್ನಾಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಕಡೆ ಸೊಸೆಯ ಬ್ಯಾಂಕು, ಆಧಾರ್, ಗ್ಯಾಸು, ಯಾವುದರ ಓಟಿಪಿಯಾದರೂ ಬರುವುದು ಮನೆಯ ಗಂಡಸಿನ ಫೋನಿಗೇ. ಅವಳ ಕೈಯಲ್ಲಿದ್ದ ಫೋನಿನ ಸಿಮ್ಮು ಕೂಡ ಗೋವರ್ಧನನ ಹೆಸರಿನದು. ದಿನಾ ಊರ ಮಂದಿಯ ಓಟಿಪಿ ಕೇಳಿ ಅರ್ಜಿ ತುಂಬುವ ಹೆಂಗಸು, ತನ್ನದೂ ಒಂದು ಇರಬೇಕಲ್ಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಎರಡು ವರ್ಷ ಅವಳು ಬಾಯಿ ತೆರೆಯದೆ ಆಡಿದಳು. ಬಾಯಿ ತೆರೆದದ್ದು ಒಂದು ರವಿವಾರ ಮಧ್ಯಾಹ್ನ. ದಂಡಿನ ಮುಖಂಡ ಸೋಲಾಪುರದ ಒಬ್ಬ ಸಿಡುಕ. ಕೋಟೆಯೊಳಗೆ ಎಲ್ಲರೂ ಹೊಡೆತ ತಿನ್ನುತ್ತಿದ್ದಾಗ ಎಲ್ಲರಿಗೂ ಬೈದು, ಆಟ ಬಿಟ್ಟು ಎದ್ದುಹೋದ. ಉಳಿದವರು ದಿಕ್ಕಾಪಾಲಾಗಿ ಓಡತೊಡಗಿದರು. ಆಗ ಸಪ್ನಾ ಮೈಕು ಹಚ್ಚಿದಳು.

"ಸಬ್ ಪೀಛೆ ಸರಕೋ. ಇರ್ಫಾನ, ಢಾಲ್ ಲೇಕೆ ದರವಾಜೇಪೋ ಠೈರೋ. ಮೈ ದೇಖ್ತಿಯೂಂ."

ಎಲ್ಲರೂ ಹಿಂದೆ ಸರಿಯಿರಿ, ಇರ್ಫಾನ ಢಾಲು ಹಿಡಿದು ಬಾಗಿಲಲ್ಲಿ ನಿಲ್ಲಲಿ, ನಾನು ನೋಡಿಕೊಳ್ಳುತ್ತೇನೆ ಅಂದಳು. ಹೀಲರ್ ಒಬ್ಬ ಹೆಂಗಸು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅಚ್ಚರಿಪಡಲಿಕ್ಕೂ ಪುರಸೊತ್ತಿರಲಿಲ್ಲ, ಹೇಳಿದಂತೆ ಮಾಡಿದರು. ಎಲ್ಲರೂ ಬದುಕಿದರು, ಸಂಜೆಯೊಳಗೆ ರಾಕ್ಷಸನೂ ಬಿದ್ದ. ಅವತ್ತೇ ಎಲ್ಲರೂ ಸೇರಿ ಅವಳನ್ನು ಮುಖಂಡಳನ್ನಾಗಿ ಮಾಡಿದರು. ಇದು ಹೇಗೆ ಸಾಧ್ಯವಾಯಿತೆಂದು ನಾನು ಕೇಳಿದ್ದೆ.

"ಅಕ್ಕೋರ, ನಮ್ಮಪ್ಪ ಹಿಂಡಿನ ಹಿಂದನ ನಡೀತಿದ್ದ. ಮುಂದ ನಡದ್ರ ಬರೀ ಹಾದಿ ಕಾಣತದ, ಕುರಿ ಕಾಣಂಗಿಲ್ಲ. ಯಾವುದು ಕುಂಟಾಕತ್ತದ, ಯಾವುದು ದಮ್ಮ ಹತ್ತಿ ನಿಂತದ, ಹಿಂದ ಇದ್ದವ್ರಿಗೇ ಗೊತ್ತಾಗೂದು. ಇಲ್ಲಿ ಭೀ ಹಂಗೇ. ಎಲ್ಲರ ಜೀವ ನನ್ನ ಕಣ್ಣ ಮುಂದ ಇರತದ."

ಅದಾದ ಮೇಲೆ ಒಂದು ವರ್ಷ ದಂಡು ಅವಳ ಮಾತಿನ ಮೇಲೆ ನಡೆಯಿತು. ಬಸವಕಲ್ಯಾಣದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಇರ್ಫಾನ ಢಾಲಿನವನು. ಲಾತೂರಿನ ಒಬ್ಬಳು ನರ್ಸು, ಹೈದರಾಬಾದಿನ ಒಬ್ಬ ಬ್ಯಾಂಕಿನವನು, ಮುಖ ನೋಡದ ಇನ್ನೂ ಎಷ್ಟೋ ಮಂದಿ ರವಿವಾರ ಮೂರಕ್ಕೆ ತಪ್ಪದೆ ಬರುತ್ತಿದ್ದರು. ಎದುರಿನ ಕಿಟಕಿಯಿಂದ ಅವಳ ದನಿ ನನ್ನ ಅಡುಗೆಮನೆಗೂ ಕೇಳುತ್ತಿತ್ತು. ಆರು ದಿನ 'ಹೌದ್ರಿ, ಆತ್ರಿ' ಎನ್ನುವ ಆ ದನಿ ಏಳನೆಯ ದಿನ ಹುಕುಂ ಕೊಡುವುದನ್ನು ಕೇಳಿದರೆ ನನಗೆ ಸೊಗಸೆನಿಸುತ್ತಿತ್ತು.

ಗೋವರ್ಧನನಿಗೆ ಸೊಗಸೆನಿಸಲಿಲ್ಲ. ಅವನು ಕತ್ತಿಯವನು, ಹೇಳುವ ಮೊದಲೇ ಮುಂದೆ ಓಡಿ ರಾಕ್ಷಸನನ್ನು ಕೆಣಕುವವನು. ಅವನನ್ನು ಉಳಿಸಲು ಹೋಗಿ ಹಿಂದಿದ್ದ ನಾಲ್ವರು ಸಾಯುತ್ತಿದ್ದರು. ಸಪ್ನಾ ಅವನೊಬ್ಬನೇ ಇದ್ದಾಗ ಹೇಳಿದಳು, ಮೈಕಿನಲ್ಲೂ ಹೇಳಿದಳು. ಕೇಳಲಿಲ್ಲ. ಕೊನೆಗೆ ಒಂದು ರವಿವಾರ, "ಗೋವರ್ಧನ, ಈ ವಾರ ನೀ ಹೊರಗ ಇರು" ಅಂದು ಅವನ ಜಾಗಕ್ಕೆ ಬೇರೆಯವರನ್ನು ಕರೆದುಕೊಂಡಳು. ಅತ್ತಿಗೆ ಇಪ್ಪತ್ತು ಮಂದಿಯ ಮುಂದೆ ಮೈದುನನನ್ನು ಹೊರಗೆ ಕೂಡಿಸಿದಳು, ಅದೂ ಅವನದೇ ಅಂಗಡಿಯಲ್ಲಿ ಕುಳಿತು.

ಮರುದಿನ ಅವನು 'ದವಾ'ದ ಪಾಸ್‌ವರ್ಡ್ ಬದಲಿಸಿದ. ಓಟಿಪಿ ಅವನ ಫೋನಿಗೇ ಬಂದಿತು, ಬರದೆ ಎಲ್ಲಿಗೆ ಹೋದೀತು? ಮೂರು ವರ್ಷ ಅವಳು ಬೆಳೆಸಿದ ಹೀಲರು, ಮುಖಂಡಳ ಗಾದಿ, ಎಲ್ಲ ಒಂದೇ ಏಟಿಗೆ ಅವನ ಕೈಗೆ ಹೋಯಿತು. 'ಇನ್ನು ಮುಂದೆ ದಂಡು ನಾನು ನಡೆಸುತ್ತೇನೆ' ಎಂದು ಎಲ್ಲರಿಗೂ ಬರೆದು ಹಾಕಿದ.

ಅವಳು ಅತ್ತಳು. ನನ್ನ ಅಡುಗೆಮನೆಯ ಕಟ್ಟೆಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬೊಂಬೆಯಾಟಕ್ಕೆ ಯಾಕೆ ಅಳುತ್ತಾಳೆ ಎಂದು ಕೇಳುವವರು ನನ್ನ ಎದುರು ಬರಬೇಡಿ. ಅವಳಿಗೆ ಈ ಲೋಕದಲ್ಲಿ ಜನ ತಾವಾಗಿ ಕೊಟ್ಟ ಜಾಗ ಅಂದರೆ ಅದೊಂದೇ ಆಗಿತ್ತು.

ಆ ಸಂಜೆ ಚಂದಮ್ಮ ಸೊಸೆಯನ್ನು ಕೂಡಿಸಿಕೊಂಡು ಬುದ್ಧಿ ಹೇಳಿದಳು. ನಾನೂ ಅಲ್ಲಿದ್ದೆ. ಇಂಥ ಹೊತ್ತಿನಲ್ಲಿ ನನ್ನನ್ನು ಕರೆಯಬೇಕಾಗಿಲ್ಲ.

"ನಂಬರ್ ಅಂವಂದು, ಕಂಪ್ಯೂಟರ್ ಅಂವಂದು. ನಿಂದೇನದ ಅದ್ರಾಗ?" ಅಂದಳು ಚಂದಮ್ಮ. "ಅಂವ ಹೇಳ್ಯಾನ, ಮಾಫಿ ಕೇಳಿದ್ರ ಮೊದಲಿನ್ಹಾಂಗ ಆಡಾಕ ಬಿಡ್ತಾನಂತ. ಮುಖಂಡಕಿ ಬ್ಯಾಡ, ಹಿಂದ ನಿಂತು ಅಂವಗ ದವಾ ಮಾಡು. ಮನ್ಯಾಗ ಭೀ ಶಾಂತಿ ಇರ್ತದ."

"ಮಾಫಿ ಕೇಳಂಗಿಲ್ರಿ ಅತ್ತಿ" ಅಂದಳು ಸಪ್ನಾ. "ತಪ್ಪು ಮಾಡಿದ್ರ ಕೇಳ್ತಿದ್ದೆ."

ಚಂದಮ್ಮ ಬಿಡಲಿಲ್ಲ. ರಾಜೇಶ್ವರದ ಹತ್ತಿರ ಯಾರದೋ ಹೊಲದಲ್ಲಿ ಹಿಂಡು ಕೂಡಿಸಿದ್ದ ಮಗನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಸೊಸೆಯ ಮುಂದೆ ಹಿಡಿದಳು. ಕಲ್ಲಿನಾಥ ಎಲ್ಲ ಕೇಳಿ, "ಹೋಗ್ಲಿ ಬಿಡು ಸಪ್ನಾ, ಆಟ ಅದ. ಅಂವಗೇ ಬಿಟ್ಟುಕೊಡು" ಅಂದ.

"ಆತ್ರಿ, ಕೊಡ್ತೀನಿ. ನೀವು ಭೀ ನಾಳಿಗೆ ನಿಮ್ಮ ಹಿಂಡು ತಮ್ಮಗ ಬಿಟ್ಟುಕೊಟ್ಟು ಬರ್ರಿ. ಅಂವ ಮುಂದ ಓಡ್ತಾನ, ಕುರಿ ಎಷ್ಟು ಉಳೀತಾವ ನೋಡೂಣು."

ಆ ಕಡೆ ಕುರಿಗಳು ಒದರುತ್ತಿದ್ದವು. ಕಲ್ಲಿನಾಥ, "ಅವ್ವಾ, ಆಕಿಗಿ ಏನೂ ಅನಬ್ಯಾಡ" ಅಂದು ಫೋನ್ ಇಟ್ಟ. ನನಗೆ ಆ ಹುಡುಗನ ಮೇಲೆ ಅಕ್ಕರೆ ಉಕ್ಕಿತು.

ಮರುದಿನ ಸಪ್ನಾ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ಸಿಮ್ ಕೇಳಿದಳು. ಅಂಗಡಿಯವನು ರೂಢಿಯಂತೆ, "ಮನಿ ಗಂಡಸ್ರು ಯಾರರ ಬಂದಾರೇನ್ರಿ?" ಅಂದ. ಇವಳು ಮಷೀನು ಎಳೆದುಕೊಂಡು ಹೆಬ್ಬೆಟ್ಟು ಒತ್ತಿದಳು. ಅದೊಂದನ್ನು ಯಾರ ಫೋನಿಗೂ ಕಳಿಸಲು ಬರುವುದಿಲ್ಲ. ಹೊಸ ನಂಬರಿನಿಂದ ಮೊದಲು ಮಾತಾಡಿದ್ದು ಇರ್ಫಾನನ ಸಂಗಡ. ಕೇಳಿದ್ದು ಒಂದೇ, ರವಿವಾರ ಮಧ್ಯಾಹ್ನ ಕೂಡ್ರಲಿಕ್ಕೆ ಒಂದು ಕಂಪ್ಯೂಟರ್. ಅವನ ಅಕ್ಕ ಅನ್ವರಿ ಬಸವಕಲ್ಯಾಣದಲ್ಲಿ ನೆಟ್ ಸೆಂಟರ್ ನಡೆಸುತ್ತಾಳೆ. ಬರ್ರಿ ಅಂದರು.

ರವಿವಾರ ಊಟವಾದ ಮೇಲೆ ಸಪ್ನಾ ಎಲ್ಲರ ಎದುರಿಗೇ ಚಪ್ಪಲಿ ಮೆಟ್ಟಿದಳು. "ಆಟ ಆಡಾಕ ಕಲ್ಯಾಣಕ್ಕ ಹೊಂಟೀನ್ರಿ" ಅಂದಳು. ಆಸ್ಪತ್ರೆ ಅನ್ನಲಿಲ್ಲ, ಗುಡಿ ಅನ್ನಲಿಲ್ಲ. ಚಂದಮ್ಮ, "ಹೆಣ್ಣಮಗಳು ಒಬ್ಬಾಕಿನೇ ಹ್ಯಾಂಗ ಹೋಗ್ತಿ?" ಅಂದಳು. ನಾನು ಛತ್ರಿ ಹಿಡಿದು ಆಗಲೇ ಬಾಗಿಲಲ್ಲಿದ್ದೆ. ಗೋವರ್ಧನ ಅಂಗಡಿಯ ಕುರ್ಚಿಯಿಂದ ನಮ್ಮನ್ನು ನೋಡಿ ಹಲ್ಲು ಕಿಸಿದ. ಅವನ ಎದುರು ಎರಡು ಕಂಪ್ಯೂಟರುಗಳು ಹಚ್ಚಿದ್ದವು, ಒಂದರಲ್ಲಿ ಅವನ ಕತ್ತಿಯವನು, ಇನ್ನೊಂದರಲ್ಲಿ ಸಪ್ನಾಳ 'ದವಾ'. ಮೂರಕ್ಕೆ ದಂಡು ಕೋಟೆಯ ಬಾಗಿಲಿಗೆ ಬರುತ್ತದೆಂದು ಕಾಯುತ್ತಿದ್ದ.

ಅನ್ವರಿ ನಮಗೆ ಮೊದಲು ಚಹಾ ಕೊಟ್ಟಳು. ಇರ್ಫಾನ ಪಕ್ಕದ ಕಂಪ್ಯೂಟರಿಗೆ ಕುಳಿತ, ಕೈಗೆ ಇನ್ನೂ ಟ್ಯೂಬಿನ ಮಸಿ. ಸಪ್ನಾ ಹೊಸ ಖಾತೆ ತೆರೆದಳು. ಹೆಸರಿನ ಜಾಗದಲ್ಲಿ ಸಪ್ನಾ ಎಂದೇ ಬರೆದು ದುಬಲಗುಂಡಿಯನ್ನೂ ಸೇರಿಸಿದಳು. ಓಟಿಪಿ ಅವಳ ಕೈಯಲ್ಲಿದ್ದ ಫೋನಿಗೆ ಬಂತು. ಅದನ್ನು ಅವಳೇ ಓದಿ, ಅವಳೇ ಒತ್ತಿದಳು.

ತೆರೆಯ ಮೇಲೆ ಒಂದು ಚಿಕ್ಕ ಹಳ್ಳಿ ಮೂಡಿತು. ಹೊಸಬರು ಆಟದಲ್ಲಿ ಹುಟ್ಟುವುದೇ ಅಲ್ಲಿಯಂತೆ. ನಡುವೆ ಹರಕು ಬಟ್ಟೆಯ ಒಬ್ಬ ಹುಡುಗಿ, ಕೈಯಲ್ಲಿ ಒಂದು ಕೋಲು. ಅವಳಿಗೆ ಒಂದು ಮಂತ್ರವೂ ಬಾರದು, ಒಂದು ತೋಳ ಕಚ್ಚಿದರೆ ಸಾಯುತ್ತಾಳೆ. ಇಂಥವಳು ಕೋಟೆಯ ಒಳಗೆ ಕಾಲಿಡುವ ಹಾಗೂ ಇಲ್ಲ. ಮೂರು ವರ್ಷ ದುಡಿದವಳು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿತ್ತು.

ಅಷ್ಟರಲ್ಲಿ ಹಳ್ಳಿಯ ದಾರಿಯಲ್ಲಿ ಬೆಟ್ಟದಂಥ ಒಬ್ಬ ಆಳು ಢಾಲು ಹಿಡಿದು ಬಂದು ಹುಡುಗಿಯ ಎದುರು ನಿಂತ. ಅವನು ಇರ್ಫಾನ. ಅವನ ಹಿಂದೆ ಬೆಳ್ಳಿಯ ಕವಚದ ಒಬ್ಬಳು ಬಂದಳು, ಲಾತೂರಿನ ನರ್ಸು. ಆಮೇಲೆ ಬ್ಯಾಂಕಿನವನು, ಆಮೇಲೆ ಇಬ್ಬರು, ನಾಲ್ವರು, ದಂಡಿಗೆ ದಂಡೇ. ಆ ಪುಟ್ಟ ಹಳ್ಳಿಯಲ್ಲಿ ನಿಲ್ಲಲು ಜಾಗವಿಲ್ಲದಂತೆ ಹುಡುಗಿಯ ಸುತ್ತ ನಿಂತುಬಿಟ್ಟರು. ಇರ್ಫಾನ ಮೊದಲೇ ಸುದ್ದಿ ಮುಟ್ಟಿಸಿದ್ದ, ಕೋಟೆಗೆ ಯಾರೂ ಹೋಗಿರಲಿಲ್ಲ.

"ನೀವೆಲ್ಲ ಇಲ್ಲಿಗೆ ಯಾಕ ಬಂದೀರಿ?" ಸಪ್ನಾ ಕೇಳಿದಳು. "ನನಗ ಇನ್ನ ದವಾ ಬರಂಗಿಲ್ಲ. ನಿಮಗ ಏನರ ಆದ್ರ ಉಳಿಸಾಕ ಆಗಂಗಿಲ್ಲ."

"ದವಾ ಆಮ್ಯಾಲೆ ಕಲಿಯೂಣು ಆಪಾ" ಅಂದ ಇರ್ಫಾನ. "ಈಗ ಹೇಳ್ರಿ, ನಾವೆಲ್ಲ ಹ್ಯಾಂಗ ನಿಲ್ಲಬೇಕು?"

ಅವಳು ಕಣ್ಣೊರೆಸಿಕೊಂಡು ಮೈಕು ಸರಿಮಾಡಿಕೊಂಡಳು. ಯಾರು ಎಡಕ್ಕೆ, ಯಾರು ಬಲಕ್ಕೆ ಎಂದು ಹೇಳತೊಡಗಿದಳು. ದಂಡು ಹೊರಟಿತು. ಮುಂದೆ ಕವಚದ ವೀರರು, ಎಲ್ಲರ ಹಿಂದೆ ಕೋಲು ಹಿಡಿದ ಹುಡುಗಿ. ಅವಳಿಗೊಂದು ಮಂತ್ರ ಕಲಿಸಲಿಕ್ಕೆ ಅವರೆಲ್ಲ ಸೇರಿ ತೋಳ ಹೊಡೆಯಲು ನಡೆದರು.

ಮೂರೂವರೆಯ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಗೋವರ್ಧನ. ಅವಳ ಹೊಸ ನಂಬರ್ ಅವನಲ್ಲಿ ಇಲ್ಲ.

"ಅಕ್ಕೋರ, ಇಲ್ಲಿ ಯಾರೂ ಬಂದಿಲ್ರಿ. ಕೋಟಿ ಬಾಗಿಲ್ದಾಗ ನಾ ಒಬ್ಬಂವನೇ ನಿಂತೀನಿ" ಅಂದ. ದನಿಯಲ್ಲಿ ನಾವು ಹೊರಡುವಾಗಿನ ಆ ನಗು ಇರಲಿಲ್ಲ. "ವೈನಿಗಿ ಹೇಳ್ರಿ, ದವಾದ ಪಾಸ್‌ವರ್ಡ್ ವಾಪಸ್ ಕೊಡ್ತೀನಂತ. ಎಲ್ಲಾರ್ನೂ ಕರ್ಕೊಂಡು ಬಾ ಅನ್ರಿ."

ನಾನು ಸಪ್ನಾಳ ಒಂದು ಕಿವಿಯ ಹೆಡ್‌ಫೋನ್ ಸರಿಸಿ ವಿಷಯ ಹೇಳಿದೆ. ಅವಳು ತೆರೆಯಿಂದ ಕಣ್ಣು ತೆಗೆಯಲಿಲ್ಲ.

"ದವಾ ಅಂವನೇ ಇಟ್ಕೊಳ್ಳಲಿ, ಅಕ್ಕೋರ. ಬರೂದಿದ್ರ ಇಲ್ಲಿ ಹಳ್ಳಿಗಿ ಬರ್ಲಿ. ಬಂದು ನನ್ನ ಮಾತು ಕೇಳಿ ನಿಲ್ಲಲಿ."

ನಾನು ಫೋನನ್ನು ಮತ್ತೆ ಕಿವಿಗಿಟ್ಟು ಹಾಗೇ ಹೇಳಿದೆ. ಒಂದು ಅಕ್ಷರವನ್ನೂ ಮೆತ್ತಗೆ ಮಾಡಲಿಲ್ಲ.